ಹಳೆಯ ಮೋಟಾರು, ಹಳೆಯ ಶಿಷ್ಯ

ಸಮ್ಮೇಳನದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ, ಗಡಿನಾಡಿನ ಶಿಕ್ಷಣದ ಸ್ಥಿತಿಗತಿಯ ಕುರಿತು ಬರೆಯುವೆನೆಂದು ಒಪ್ಪಿಕೊಂಡಿದ್ದೆ. ಬರೆಯಲು ಕುಳಿತಾಗ ಮನಸ್ಸು ಮತ್ತೆ ಮತ್ತೆ ಮನೆಯ ಹಿಂದಿನ ದನದ ಕೊಟ್ಟಿಗೆಯತ್ತ ಹೋಯಿತು. ಅಲ್ಲಿ ಈಗ ದನಗಳಿಲ್ಲ. ಒಂದು ಹಳೆಯ ಇಂಗ್ಲಿಷ್ ಮೋಟಾರು ನಿಂತಿದೆ. ಸಾಹಿತ್ಯ ಸಮ್ಮೇಳನಕ್ಕೂ ಮೋಟಾರಿಗೂ ಏನು ಸಂಬಂಧವೆಂದು ಸಹೃದಯರು ಕೇಳಬಹುದು. ನಿವೃತ್ತ ಮಾಸ್ತರನೊಬ್ಬ ತನ್ನ ತಪ್ಪೊಂದನ್ನು ಆ ಮೋಟಾರಿನ ದೆಸೆಯಿಂದ ತಿಳಿದುಕೊಂಡನೆಂಬುದೇ ಸಂಬಂಧ. ಅದನ್ನು ನಾಲ್ಕು ಜನ ಓದುವ ಕಡೆ ಬರೆದಿಡಬೇಕೆಂಬುದು ಬಹುದಿನದ ಇಚ್ಛೆ.

ಮೋಟಾರು ನನ್ನ ಸೋದರಮಾವನವರದು. ಅವರು ಕೊಲ್ಹಾಪುರದ ಉದ್ಯಮನಗರದಲ್ಲಿ ಮೂವತ್ತು ವರ್ಷ ಫಿಟ್ಟರ್ ಕೆಲಸ ಮಾಡಿದವರು. ಎರಕದ ಭಟ್ಟಿ, ಲೇಥು, ಆಯಿಲ್ ಇಂಜಿನ್ನುಗಳ ಮಧ್ಯದಲ್ಲಿ ಬೆಳೆದ ಕೈ ಅವರದು. ಕೊಲ್ಹಾಪುರದವರಿಗೆ ಮೋಟಾರುಗಳ ಮೇಲೆ ಮೊದಲಿನಿಂದಲೂ ಅಕ್ಕರೆ. ಇಂದಿಗೂ ದಸರೆಯ ದಿನ ರಾಜಮನೆತನದ ಮೇಬ್ಯಾಕ್ ಕಾರು ದಸರಾ ಚೌಕಕ್ಕೆ ಬರುವುದನ್ನು ನೋಡಲು ಜನ ಮುಗಿಬೀಳುತ್ತಾರೆ. 1974ರಲ್ಲಿ ಒಬ್ಬರು ದುರಸ್ತಿಯ ಬಾಕಿ ಹಣ ಕೊಡಲಾರದೆ ಮೋಟಾರನ್ನೇ ಮಾವನವರಿಗೆ ಬಿಟ್ಟುಕೊಟ್ಟರು. ಅದು ಎಂಜಿಎ. ಇಂಗ್ಲೆಂಡಿನ ಅಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ 1955ರಿಂದ 1962ರವರೆಗೆ ಇಂಥ ಒಂದು ಲಕ್ಷಕ್ಕೂ ಹೆಚ್ಚು ಗಾಡಿಗಳು ತಯಾರಾಗಿ, ಬಹುಪಾಲು ಹೊರದೇಶಗಳಿಗೆ ಹೋದವು. ಇಬ್ಬರೇ ಕೂಡ್ರುವ, ಛಾವಣಿ ಮಡಿಚಿಡುವ ಗಾಡಿ. ಬಾಗಿಲಿಗೆ ಹೊರಗಡೆ ಹಿಡಿಕೆಯಿಲ್ಲ. ಒಳಗೆ ಕೈಹಾಕಿ ತೆರೆಯಬೇಕು. ಕಾಲಿಡುವ ನೆಲ ಪ್ಲೈವುಡ್ಡಿನದು. ಆಸನಗಳ ಹಿಂದೆ ಆರಾರು ವೋಲ್ಟಿನ ಎರಡು ಬ್ಯಾಟರಿ. ಮಾವನವರು ಪ್ರತಿ ರವಿವಾರ ಅದನ್ನು ಒರೆಸಿ, ಸ್ಟಾರ್ಟ್ ಮಾಡಿ, ರಂಕಾಳ ಕೆರೆಯ ಸುತ್ತ ಒಂದು ಸುತ್ತು ಹಾಕುತ್ತಿದ್ದರು. 1998ರಲ್ಲಿ ಅವರು ತೀರಿಕೊಂಡರು. ಮಕ್ಕಳಿರಲಿಲ್ಲ. ಗಾಡಿ ಲಾರಿಯ ಮೇಲೆ ಗಡಹಿಂಗ್ಲಜಕ್ಕೆ ಬಂದು ನಮ್ಮ ಕೊಟ್ಟಿಗೆ ಸೇರಿತು.

ಎಂಟು ವರ್ಷ ಅದನ್ನು ಮುಟ್ಟಲಿಲ್ಲ. 2006ರಲ್ಲಿ ನಿವೃತ್ತನಾದ ಮೇಲೆ ಕೈಗೆ ಕೆಲಸವಿಲ್ಲದೆ ಅದರ ಬಾನೆಟ್ ತೆರೆದೆ. ಮಾವನವರು ಬಿಟ್ಟುಹೋದ ಪಾನಾಗಳ ಪೆಟ್ಟಿಗೆ ಇತ್ತು, ಎಣ್ಣೆ ಹತ್ತಿದ ಇಂಗ್ಲಿಷ್ ಕೈಪಿಡಿ ಇತ್ತು. ಪುಸ್ತಕ ಓದಿ ಪಾಠ ಹೇಳಿದವನಿಗೆ ಪುಸ್ತಕ ಓದಿ ಗಾಡಿ ನಡೆಸುವುದು ಕಠಿಣವೇ ಎಂಬ ಹಮ್ಮು ನನಗಿತ್ತು.

ಇಂಗ್ಲೆಂಡಿನ ಗಾಡಿಗೆ ಈ ಊರಿನಲ್ಲಿ ಬಿಡಿಭಾಗ ಎಲ್ಲಿ ಸಿಗುತ್ತವೆ ಎಂದು ಬಂದವರೆಲ್ಲ ಕೇಳುತ್ತಾರೆ. ಉತ್ತರ ನಮ್ಮ ಅಂಬಾಸಡರ್ ಕಾರಿನಲ್ಲಿದೆ. ಅಂಬಾಸಡರ್ ಮೂಲತಃ ಮಾರಿಸ್ ಆಕ್ಸ್‌ಫರ್ಡ್ ಎಂಬ ಇಂಗ್ಲಿಷ್ ಕಾರು. 1959ರಿಂದ ಅದಕ್ಕೆ ಕೂಡಿಸಿದ 1489 ಸಿಸಿ ಇಂಜಿನ್ನು ಮತ್ತು ನನ್ನ ಗಾಡಿಯ ಇಂಜಿನ್ನು ಒಂದೇ ಮನೆತನದವು. ಬಿಎಂಸಿ ಕಂಪನಿಯ ಬಿ-ಸೀರೀಸ್ ಇಂಜಿನ್ನುಗಳು. ಸಿಲಿಂಡರಿನ ವ್ಯಾಸ ಎರಡರಲ್ಲಿಯೂ 73.025 ಮಿಲಿಮೀಟರ್. ಪಿಸ್ಟನ್ ರಿಂಗು, ಬೇರಿಂಗು, ಗ್ಯಾಸ್ಕೆಟ್ಟುಗಳನ್ನು ಕೊಲ್ಹಾಪುರದ ಹಳೆಯ ಅಂಗಡಿಗಳಿಂದ ಅಂಬಾಸಡರಿನ ಹೆಸರು ಹೇಳಿಯೇ ತಂದೆ. ಅಣ್ಣ ಸರಕಾರಿ ಸಾಹೇಬರನ್ನು ಹೊತ್ತು ತಿರುಗಿದ, ತಮ್ಮ ಓಟದ ಪಂದ್ಯಕ್ಕೆ ಹೋದ. ಇಬ್ಬರಲ್ಲಿ ಇಷ್ಟೇ ಭೇದ. ತಮ್ಮನಿಗೆ ಒಂದರ ಬದಲು ಎರಡು ಕಾರ್ಬೋರೇಟರ್. ನನ್ನ ಕಷ್ಟವೆಲ್ಲ ಆ ಎರಡರಲ್ಲಿಯೇ ಇತ್ತು.

ಟ್ಯೂನಿಂಗ್ ಎಂಬುದಕ್ಕೆ ಒಂದು ಕ್ರಮವಿದೆ. ಮೊದಲು ಟ್ಯಾಪೆಟ್ಟುಗಳ ಅಂತರ. ಇಂಜಿನ್ನು ಬಿಸಿಯಿರುವಾಗ ಇಂಚಿನ ಸಾವಿರದ 17 ಭಾಗ. ಆಮೇಲೆ ಡಿಸ್ಟ್ರಿಬ್ಯೂಟರಿನ ಪಾಯಿಂಟು. ಸಾವಿರದ 15 ಭಾಗ. ಪ್ಲಗ್ಗುಗಳ ಕಿಡಿ 1-3-4-2 ಎಂಬ ಸರದಿಯಲ್ಲಿ ಬರಬೇಕು. ಇವೆಲ್ಲ ಸರಿಯಾದ ಮೇಲೆಯೇ ಕಾರ್ಬೋರೇಟರಿಗೆ ಕೈಹಚ್ಚಬೇಕು. ಎಸ್‌ಯು ಎಂಬ ಆ ಕಾರ್ಬೋರೇಟರಿನಲ್ಲಿ ಒಂದು ಪಿಸ್ಟನ್ ಗಾಳಿಯ ಎಳೆತಕ್ಕೆ ಮೇಲೇಳುತ್ತದೆ; ಅದಕ್ಕಂಟಿದ ಸೂಜಿ ಎಷ್ಟು ಎದ್ದಿತೋ ಅಷ್ಟು ಪೆಟ್ರೋಲು ಹರಿಯುತ್ತದೆ. ಕೆಳಗಿನ ನಟ್ಟು ತಿರುಗಿಸಿ ಮಿಶ್ರಣವನ್ನು ಹೆಚ್ಚುಕಡಿಮೆ ಮಾಡಬೇಕು. ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ ನೋಡಿದಾಗ ಇಂಜಿನ್ನಿನ ವೇಗ ಏರಿ ಅಲ್ಲಿಯೇ ನಿಂತರೆ ಪೆಟ್ರೋಲು ಹೆಚ್ಚಾಗಿದೆ. ಇಂಜಿನ್ನು ಕುಂದಿ ನಿಲ್ಲಹತ್ತಿದರೆ ಕಡಿಮೆಯಾಗಿದೆ. ಒಂದು ಕ್ಷಣ ತುಸು ಏರಿ ಮೊದಲಿನಂತಾದರೆ ಸರಿಯಾಗಿದೆ. ಇನ್ನು ಎರಡೂ ಸಮನಾಗಿ ಗಾಳಿ ಎಳೆಯಬೇಕು. ಒಂದು ರಬ್ಬರ್ ನಳಿಗೆಯ ತುದಿಯನ್ನು ಕಿವಿಗೆ, ಇನ್ನೊಂದು ತುದಿಯನ್ನು ಕಾರ್ಬೋರೇಟರಿನ ಬಾಯಿಗೆ ಹಿಡಿದು ಉಸಿರಿನ ಸದ್ದು ಕೇಳಬೇಕು. ಮಿರಜಿನಲ್ಲಿ ತಂಬೂರಿ ಕಟ್ಟುವವರು ನಡುವಿನ ಜೋಡಿ ತಂತಿಗಳನ್ನು ಒಂದೇ ಷಡ್ಜಕ್ಕೆ ತರುವಂತೆಯೇ ಈ ಕೆಲಸ.

ಇದೆಲ್ಲ ನನಗೆ ಬಾಯಿಪಾಠವಾಗಿತ್ತು. ಆದರೂ ಗಾಡಿ ನೆಟ್ಟಗಾಗಲಿಲ್ಲ. ತಣ್ಣಗಿರುವಾಗ ಚೆನ್ನಾಗಿ ಸ್ಟಾರ್ಟಾಗುತ್ತಿತ್ತು. ಬಿಸಿಯಾದೊಡನೆ ವೇಗ ಏರುವುದು, ಇಳಿಯುವುದು, ಕೆಮ್ಮುವುದು, ಕಡೆಗೆ ನಿಲ್ಲುವುದು. ಮುಂದಿನ ಕಾರ್ಬೋರೇಟರಿನ ನಟ್ಟನ್ನು ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ ತಿರುಗಿಸುತ್ತ ಆರು ತಿಂಗಳು ಕಳೆದೆ. ಕಡೆಗೆ "ಈ ಕಾರ್ಬೋರೇಟರೇ ಕೆಟ್ಟದ್ದು, ಇದರಿಂದ ಏನೂ ಆಗದು" ಎಂದು ತೀರ್ಪು ಕೊಟ್ಟು ಬಾನೆಟ್ ಮುಚ್ಚಿದೆ.

ಮರುವರ್ಷ ಇಚಲಕರಂಜಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನಲವತ್ತರ ಆಸುಪಾಸಿನ ಗೃಹಸ್ಥರೊಬ್ಬರು ಬಂದು ಕಾಲು ಮುಟ್ಟಿ ನಮಸ್ಕರಿಸಿದರು. "ಗುರುಗಳ, ನನ್ನ ಗುರುತ ಸಿಕ್ಕಿತೇನ್ರಿ? ಎಂಟನೇತ್ತೆಗೆ ನಿಮ್ಮ ಕೈಯಾಗ ಫೇಲ್ ಆದಾಂವ." ಗುರುತು ಸಿಕ್ಕಿತು, ಸಂಕೋಚವೂ ಆಯಿತು. 1984ರಲ್ಲಿ ನಾನು ಗಣಿತ ಕಲಿಸುತ್ತಿದ್ದ ಮರಾಠಿ ಶಾಲೆಗೆ ಬಂದ ಹುಡುಗ. ಸಂಕೇಶ್ವರದ ಕಡೆಯ ಅಜ್ಜನ ಮನೆಯಲ್ಲಿದ್ದು ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ್ದ. ನಾಪಾಸಾದ ಮೇಲೆ ಶಾಲೆ ಬಿಟ್ಟು ಇಚಲಕರಂಜಿಯ ಪವರ್‌ಲೂಮಿಗೆ ಸೇರಿದ್ದ. ಈಗ ಜಾಬರ್ ಆಗಿದ್ದ. ಮಗ್ಗಗಳನ್ನು ಕೂಡಿಸಿ, ದುರಸ್ತಿ ಮಾಡಿ ನಡೆಸಿಕೊಂಡು ಹೋಗುವವನಿಗೆ ಆ ಊರಿನಲ್ಲಿ ಜಾಬರ್ ಎನ್ನುತ್ತಾರೆ. ಮಾತಿಗೆ ಮಾತು ಬಂದು ನನ್ನ ಗಾಡಿಯ ಗೋಳು ಹೇಳಿಕೊಂಡೆ. "ರಜಾ ದಿನ ಬಂದು ನೋಡ್ತೀನ್ರಿ" ಎಂದ.

ಬಂದ. ಎಂಜಿಎ ಎಂಬ ಹೆಸರನ್ನೇ ಅವನು ಕೇಳಿರಲಿಲ್ಲ. ನಾನು ಕೈಪಿಡಿ ತೆರೆದು ವಿವರಿಸತೊಡಗಿದೆ. ಅವನು ವಿನಯದಿಂದಲೇ, "ಪುಸ್ತಕ ಆಮ್ಯಾಲ ನೋಡೂಣ್ರಿ ಗುರುಗಳ, ಮೊದಲ ಚಾಲೂ ಮಾಡ್ರಿ, ಕೇಳೂಣು" ಎಂದ. ಚಾಲೂ ಮಾಡಿದೆ. ಅವನು ಕಣ್ಣು ಮುಚ್ಚಿ ಹತ್ತು ನಿಮಿಷ ಸುಮ್ಮನೆ ನಿಂತ. ನಲವತ್ತು ಮಗ್ಗ ಒಟ್ಟಿಗೆ ಹೊಡೆದುಕೊಳ್ಳುವ ಶೆಡ್ಡಿನಲ್ಲಿ ಯಾವ ಮಗ್ಗದ ಸದ್ದು ಒಡೆದಿದೆಯೆಂದು ಬಾಗಿಲಲ್ಲಿ ನಿಂತೇ ಹೇಳಬಲ್ಲ ಕಿವಿ ಅದು. ಇಂಜಿನ್ನು ಬಿಸಿಯಾಗಿ ಏರಿಳಿಯತೊಡಗಿದಾಗ ಎಣ್ಣೆಯ ಡಬ್ಬಿ ಕೇಳಿ, ಮುಂದಿನ ಕಾರ್ಬೋರೇಟರಿನ ಥ್ರಾಟಲ್ ಸ್ಪಿಂಡಲ್ ಹೊರಬರುವ ಸಂದಿಗೆ ಎರಡು ಹನಿ ಬಿಟ್ಟ. ಏರಿಳಿತ ತಟ್ಟನೆ ನಿಂತಿತು. ನಾಲ್ಕೈದು ಉಸಿರಿನಷ್ಟು ಹೊತ್ತು ಇಂಜಿನ್ನು ಮಾವನವರ ಕಾಲದಲ್ಲಿ ನಡೆದಂತೆ ನಡೆಯಿತು. ಎಣ್ಣೆ ಒಳಗೆ ಎಳೆದುಹೋದೊಡನೆ ಮತ್ತೆ ಮೊದಲಿನ ಕೆಮ್ಮು.

"ಮಗ್ಗದ ಬುಶ್ ಸವದ್ಹಂಗ ಆಗೇತ್ರಿ. ಇಲ್ಲಿಂದ ಕಳ್ಳಗಾಳಿ ಒಳಗ ಹೊಂಟೇತಿ. ನೀವು ನಟ್ಟು ಎಷ್ಟು ತಿರಿವಿದ್ರೂ ಅದು ಹ್ಯಾಂಗ ಸರಿ ಆಗಬೇಕು? ಕಾರ್ಬೋರೇಟರದ್ದೇನೂ ತಪ್ಪಿಲ್ರಿ."

ಎರಡೂ ಕಾರ್ಬೋರೇಟರುಗಳನ್ನು ಬಿಚ್ಚಿ ಕೈಚೀಲದಲ್ಲಿಟ್ಟುಕೊಂಡು ನಾವಿಬ್ಬರೂ ಎಸ್‌ಟಿ ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಹೋದೆವು. ಉದ್ಯಮನಗರದ ಒಂದು ಸಣ್ಣ ಲೇಥಿನ ಅಂಗಡಿಯಲ್ಲಿ, ಸವೆದ ರಂಧ್ರಗಳನ್ನು ದೊಡ್ಡದು ಮಾಡಿ ಹೊಸ ಬುಶ್ ಕೂಡಿಸಿ, ಹೊಸ ಸ್ಪಿಂಡಲ್ ಕಡೆದುಕೊಟ್ಟರು. ಮಾವನವರು ಅದೇ ಓಣಿಯಲ್ಲಿ ದುಡಿದಿದ್ದರು. ಮರುದಿನ ಕೊಟ್ಟಿಗೆಯಲ್ಲಿ ಎಲ್ಲವನ್ನೂ ಮೊದಲಿನಿಂದ ಹೊಂದಿಸಿದೆವು. ಈ ಸಲ ನಾನು ಪಾನಾ ಹಿಡಿದೆ, ಅವನು ನಳಿಗೆಯನ್ನು ಕಿವಿಗಿಟ್ಟುಕೊಂಡ. "ಒಂದ ಕೂದಲ ಎಳಿಯಷ್ಟು ಹಿಂದ... ಸಾಕ್ರಿ" ಎಂದ. ಇಂಜಿನ್ನಿನ ಮೇಲೆ ನೀರು ತುಂಬಿದ ಗ್ಲಾಸು ಇಟ್ಟೆವು. ನೀರಿನ ಮೇಲೆ ಸಣ್ಣ ತೆರೆ ಬಿಟ್ಟರೆ ಒಂದು ಹನಿ ಹೊರಗೆ ಚೆಲ್ಲಲಿಲ್ಲ.

ಪರೀಕ್ಷೆಗೆಂದು ಗಾಡಿಯನ್ನು ಸಂಕೇಶ್ವರದ ಮೇಲಿಂದ ನಿಪ್ಪಾಣಿಯ ಕಡೆಗೆ ತೆಗೆದುಕೊಂಡು ಹೋದೆವು. ಮಹಾರಾಷ್ಟ್ರದಲ್ಲಿ ಹೊರಟು ಅರ್ಧ ತಾಸಿನೊಳಗೆ ಕರ್ನಾಟಕ ಸೇರುವ ದಾರಿಯದು. ಗಡಿ ಎಲ್ಲಿ ಬಂತೆಂದು ಹೊಲಗಳಿಗೂ ತಿಳಿಯದು. ಸ್ತವನಿಧಿ ಘಟ್ಟವನ್ನು ಗಾಡಿ ಒಂದೂ ಸಲ ತಡವರಿಸದೆ ಏರಿತು. ಮೇಲೆ ಚಹಾದ ಅಂಗಡಿಯ ಮುಂದೆ ನಿಲ್ಲಿಸಿದೆವು. ಅಲ್ಲಿ ಅವನು ನಗುತ್ತ ಕೇಳಿದ: "ಗುರುಗಳ, ನಿಮಗ ಆ ತೋಟದ ಲೆಕ್ಕ ನೆನಪೈತೇನ್ರಿ?"

ನೆನಪಿತ್ತು. ವ್ಯಾಪಾರಿಯೊಬ್ಬನು 240 ರೂಪಾಯಿಗೆ ಕೊಂಡ ಸಾಮಾನನ್ನು ಮಾರಿದಾಗ ಅವನಿಗೆ 40 ರೂಪಾಯಿ 'ತೋಟಾ' ಆಯಿತು. ಮಾರಿದ ಬೆಲೆ ಎಷ್ಟು? ಮರಾಠಿಯಲ್ಲಿ ತೋಟಾ ಎಂದರೆ ನಷ್ಟ. ಹುಡುಗ ಕಪ್ಪುಹಲಗೆಯ ಮೇಲೆ 280 ಎಂದು ಬರೆದಿದ್ದ. ಯಾಕೆ ಕೂಡಿಸಿದೆಯೆಂದು ಗದರಿಸಿದರೆ ತಲೆ ತಗ್ಗಿಸಿ ನಿಂತ. "ಸಾಮಾನು ಮಾರಿ ತೋಟ ಬಂತಂದ್ರ ಚಲೋನ ಆತಲ್ಲ ಅಂತ ಕೂಡಿಸಿದ್ನಿರಿ" ಎಂದು ಈಗ ಹೇಳಿ ಮನಸಾರೆ ನಕ್ಕ. ಅಂದು ತರಗತಿಯೂ ನಕ್ಕಿತ್ತು. ನಾನೂ ನಕ್ಕಿದ್ದೆ. ವರ್ಷದ ಕೊನೆಗೆ ಅವನು ನಾಲ್ಕು ಅಂಕಗಳಿಂದ ಗಣಿತದಲ್ಲಿ ನಾಪಾಸಾದ. "ಹುಡುಗನ ಬುದ್ಧಿ ಮಂದ, ಮುಂದೆ ಓದಿಸಿ ಫಲವಿಲ್ಲ" ಎಂದು ಅವನ ತಂದೆಗೆ ಹೇಳಿದವನು ನಾನೇ.

ಅವನೇಕೆ ಕೂಡಿಸಿದನೆಂಬುದು ಆಗ ನನಗೆ ತಿಳಿದಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ನಮ್ಮ ಮನೆಯ ಮಾತು ಕನ್ನಡ. 280 ಎಂಬ ಅಂಕಿ ನೋಡಿದ ಕ್ಷಣವೇ ಕಾರಣ ಹೊಳೆದಿತ್ತು. "ತೋಟಾ ಅಂದ್ರ ಲುಕ್ಸಾನಪ್ಪಾ" ಎಂದು ಮೂರು ಶಬ್ದ ಹೇಳಿದ್ದರೆ ಸಾಕಾಗಿತ್ತು. ಮರಾಠಿ ಶಾಲೆಯಲ್ಲಿ ನಿಂತು ಕನ್ನಡ ಆಡಿದರೆ ಸಹೋದ್ಯೋಗಿಗಳು ಏನೆಂದುಕೊಂಡಾರು ಎಂಬ ಅಂಜಿಕೆಯಿಂದ ಬಾಯಿ ಕಟ್ಟಿತು. ಯಾರೂ ನನ್ನನ್ನು ತಡೆದಿರಲಿಲ್ಲ. ಆ ಅಂಜಿಕೆ ನನ್ನದೇ. ಗಾಳಿ ಸೋರುತ್ತಿದ್ದುದು ಒಂದು ಕಡೆ, ನಾನು ನಟ್ಟು ತಿರುಗಿಸಿದ್ದು ಇನ್ನೊಂದು ಕಡೆ. ಕಾರ್ಬೋರೇಟರಿಗೆ ಕೊಟ್ಟ ತೀರ್ಪನ್ನು ಇಪ್ಪತ್ತು ವರ್ಷ ಮೊದಲು ಒಬ್ಬ ಹುಡುಗನಿಗೂ ಕೊಟ್ಟಿದ್ದೆ. ಕಾರ್ಬೋರೇಟರಿಗೆ ಹೊಸ ಬುಶ್ ಹಾಕಿಸಬಹುದಿತ್ತು.

ಅಲ್ಲಿಯೇ ಅವನ ಕ್ಷಮೆ ಕೇಳಿದೆ. "ಅದೇನ್ರಿ ಗುರುಗಳ, ದೊಡ್ಡವ್ರು ನೀವು" ಎಂದು ಅವನು ಮಾತು ಮರೆಸಿ ಚಹಾದ ಹಣವನ್ನು ತಾನೇ ಕೊಟ್ಟ. ಇಳಿಜಾರಿನಲ್ಲಿ ಗಾಡಿ ನಡೆಸಲು ಕೊಡುವೆಯಾ ಎಂದು ನಾನು ಕೇಳುವ ಬದಲು, ಕೀಲಿಕೈಯನ್ನು ಅವನ ಕೈಗೆ ಕೊಟ್ಟು ಪಕ್ಕದ ಆಸನದಲ್ಲಿ ಕುಳಿತೆ. ಮನೆ ಮುಟ್ಟುವವರೆಗೆ ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ಅಂದಿನಿಂದ ಒಂದು ವಹಿ ಇಟ್ಟಿದ್ದೇನೆ. ಕನ್ನಡದ ಕಿವಿಗೆ ಒಂದಾಗಿ, ಮರಾಠಿಯಲ್ಲಿ ಇನ್ನೊಂದಾಗುವ ಶಬ್ದಗಳನ್ನು ಅದರಲ್ಲಿ ಬರೆದುಕೊಳ್ಳುತ್ತೇನೆ. ಮರಾಠಿಯ 'ಬರೆ' ಎಂದರೆ ಒಳ್ಳೆಯದು. ನಮ್ಮ ಮಗು ಪಾಟಿ ಹಿಡಿದು ಬರೆಯಲು ಕೂಡ್ರುತ್ತದೆ. ಮರಾಠಿಯ 'ಕಾಲ್' ಎಂದರೆ ನಿನ್ನೆ. ನಮ್ಮ ಮಗು ತನ್ನ ಕಾಲು ನೋಡಿಕೊಳ್ಳುತ್ತದೆ. ಇಂಥವು ಈಗ ನೂರಕ್ಕೂ ಮಿಕ್ಕಿವೆ. ಪರಿಚಯದ ತರುಣ ಶಿಕ್ಷಕರಿಗೆ ಅದರ ಪ್ರತಿ ಮಾಡಿಕೊಟ್ಟಿದ್ದೇನೆ. ಮರಾಠಿ ನಮಗೆ ಅನ್ನ ಕೊಟ್ಟ ಭಾಷೆ, ಅದನ್ನು ಚೆನ್ನಾಗಿಯೇ ಕಲಿಯಬೇಕು; ಕಲಿಯುವ ಮಗುವಿಗೆ ಒಂದು ಶಬ್ದವನ್ನು ತಾಯಿಯ ಮಾತಿನಲ್ಲಿ ಬಿಡಿಸಿ ಹೇಳಿದರೆ ಯಾವ ಭಾಷೆಗೂ ಊನವಿಲ್ಲ. ಸಮ್ಮೇಳನಕ್ಕೆ ಬಂದಿರುವ ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಆ ವಹಿ ಬೇಕಾದವರು ನನ್ನಲ್ಲಿ ಕೇಳಿ ಪಡೆಯಬಹುದು.

ವರ್ಷಕ್ಕೆ ಎರಡು ಸಲ ಜಾಬರ್ ಮಹಾಶಯರು ಇಚಲಕರಂಜಿಯಿಂದ ಬರುತ್ತಾರೆ. ಈಗ ಅವರ ಮೊಮ್ಮಗಳೂ ಜೊತೆಗೆ ಬರುತ್ತಾಳೆ. ನನ್ನ ಕಿವಿ ಈಚೆಗೆ ಮಂದವಾಗಿದೆ. ರಬ್ಬರ್ ನಳಿಗೆಯನ್ನು ಅವಳೇ ಹಿಡಿಯುತ್ತಾಳೆ.