ಮೇಜಿನ ಮೇಲೆ ಸಿರುಗುಪ್ಪದ ರೈಲು

ಬಳ್ಳಾರಿಯ ಕೋಟೆಗುಡ್ಡವನ್ನೇರಿ ನಿಂತವರಿಗೆ ಊರೆಲ್ಲ ಮೇಜಿನ ಮೇಲೆ ಜೋಡಿಸಿಟ್ಟ ಆಟಿಕೆಯಂತೆ ತೋರುತ್ತದೆ. ಕಾಲಡಿಯಲ್ಲಿ ಹೈದರಾಲಿಯ ಕಾಲದ ಕೆಳಕೋಟೆ; ಆಚೆಗೆ ಕುಂಬಾರಗುಡ್ಡ; ನಡುವೆ ಒತ್ತೊತ್ತಾಗಿ ಹಬ್ಬಿದ ಮಾಳಿಗೆಗಳು; ದೂರದಲ್ಲಿ ಬೆಂಕಿಪೆಟ್ಟಿಗೆಗಳ ಸಾಲಿನಂತೆ ಸರಿದುಹೋಗುವ ರೈಲು. ಈ ನೋಟವನ್ನು ಹಾಗೆಯೇ ಮನೆಗೆ ಕೊಂಡೊಯ್ಯುವಂತಿದ್ದರೆ ಎಂದು ಯಾವ ಮಗುವಿಗೆ ಅನ್ನಿಸದು?

ಮಕ್ಕಳಿಗೇನು, ದೊಡ್ಡವರಿಗೂ ಅನ್ನಿಸಿದೆ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಸಿರಿಲ್ ಫ್ರೈ ಎಂಬವರಿದ್ದರು. ಇಂಚಿಕೋರ್ ರೈಲ್ವೆ ಕಾರ್ಯಾಗಾರದಲ್ಲಿ ಅವರಿಗೆ ಉದ್ಯೋಗ. ಮನೆಗೆ ಬಂದೊಡನೆ ಅವರು ಏರುತ್ತಿದ್ದುದು ಅಟ್ಟಕ್ಕೆ. ತಮ್ಮ ದೇಶದ ಹಳೆಯ ಎಂಜಿನ್ನುಗಳನ್ನೂ ಗಾಡಿಗಳನ್ನೂ ಕಿರಿದಾಗಿ, ಅಳತೆ ತಪ್ಪದಂತೆ, ಒಂದೊಂದಾಗಿ ಕೈಯಿಂದಲೇ ತಯಾರಿಸಿ ಅಲ್ಲಿ ಓಡಿಸಿದರು. 1972ರಲ್ಲಿ ಅವರು ತೀರಿಕೊಂಡರು. ಅವರು ಮಾಡಿಟ್ಟ ರೈಲುಗಳು ಇಂದು ಡಬ್ಲಿನ್ ಸಮೀಪದ ಮ್ಯಾಲಹೈಡ್‌ನಲ್ಲಿ ಪ್ರದರ್ಶನಕ್ಕಿವೆ. ನಿಜವಾದ ರೈಲುಗಳಲ್ಲಿ ಎಷ್ಟೋ ಗುಜರಿಗೆ ಹೋದವು. ಅಟ್ಟದ ರೈಲುಗಳು ಉಳಿದುಕೊಂಡವು.

ಇಂಥ ಕೆಲಸಕ್ಕೆ ಕೈಹಾಕುವ ಐರಿಷ್ ಹವ್ಯಾಸಿಗೆ ಮೊದಲ ಹೆಜ್ಜೆಯಲ್ಲೇ ಒಂದು ತೊಡಕುಂಟು. ಇಂಗ್ಲೆಂಡಿನಲ್ಲಿ ಎರಡು ಹಳಿಗಳ ನಡುವಣ ಅಂತರ 4 ಅಡಿ 8½ ಅಂಗುಲ. ಐರ್ಲೆಂಡಿನಲ್ಲಿ 1846ರ ಶಾಸನದಂತೆ 5 ಅಡಿ 3 ಅಂಗುಲ. ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಪುಟ್ಟ ಹಳಿಯ ಅಗಲ 16.5 ಮಿಲಿಮೀಟರ್. ಅಡಿಗೆ 4 ಮಿಲಿಮೀಟರಿನ ಲೆಕ್ಕದಲ್ಲಿ ಐರಿಷ್ ಹಳಿ 21 ಮಿಲಿಮೀಟರ್ ಇರಬೇಕು. ಕೊಂಡ ಹಳಿಯನ್ನೇ ಹಾಸಿದರೆ ಕೆಲಸ ಹಗುರ, ಆದರೆ ಅದು ತನ್ನೂರಿನ ರೈಲಾಗದು. ತನ್ನೂರಿನದೇ ಬೇಕೆಂಬ ಹಟವುಳ್ಳವನು ಹಳಿಯನ್ನು ತಾನೇ ಕೂಡಿಸಬೇಕು.

ಬಳ್ಳಾರಿಗೂ ಐರ್ಲೆಂಡಿಗೂ ಎತ್ತಣಿಂದೆತ್ತ ಸಂಬಂಧ ಎನ್ನುವವರು ಲಾರ್ಡ್ ಮೇಯೋನನ್ನು ನೆನೆಯಬೇಕು. ಡಬ್ಲಿನ್ನಿನಲ್ಲಿ ಹುಟ್ಟಿದ ಈತ 1869ರಲ್ಲಿ ಭಾರತದ ವೈಸರಾಯ್ ಆಗಿ ಬಂದ; 1872ರಲ್ಲಿ ಅಂಡಮಾನಿನಲ್ಲಿ ಒಬ್ಬ ಕೈದಿಯ ಚೂರಿಗೆ ಬಲಿಯಾದ. ಈ ನಡುವೆ, 1870ರಲ್ಲಿ, ಭಾರತದ ಅಗ್ಗದ ರೈಲುದಾರಿಗಳಿಗೆ ಮೀಟರ್ ಗೇಜ್ ಗೊತ್ತಾದದ್ದು ಈತನ ಆಡಳಿತದಲ್ಲಿಯೇ. ಅನಂತರ 1876-78ರ ಧಾತು-ಈಶ್ವರ ಸಂವತ್ಸರಗಳ ಬರ ಬಳ್ಳಾರಿ ಸೀಮೆಯನ್ನು ಹಿಂಡಿ ಹಿಪ್ಪೆ ಮಾಡಿತು. ಹಳಿಯಿಲ್ಲದ ಊರುಗಳಿಗೆ ಧಾನ್ಯ ಸಾಗಿಸಲು ಎತ್ತಿನ ಗಾಡಿಯೇ ಗತಿ; ಆ ಎತ್ತುಗಳಿಗೇ ಮೇವಿಲ್ಲ. ಬರಗಾಲಕ್ಕೆ ರೈಲೇ ಕಾವಲೆಂದು ಆಗ ಸರಕಾರಕ್ಕೆ ಮನವರಿಕೆಯಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪೆನಿ ಹುಟ್ಟಿತು. ಗದಗ, ಹೊಸಪೇಟೆ, ಬಳ್ಳಾರಿಗಳ ಸೀಮೆಗೆ ಮೀಟರ್ ಗೇಜ್ ಹಳಿ ಬಂದಿತು.

ಐರ್ಲೆಂಡಿನ ಕಥೆಯೂ ಬೇರೆಯಲ್ಲ. ಬಡತನ ಬೇರೂರಿದ್ದ ಅದರ ಪಶ್ಚಿಮ ಕರಾವಳಿಗೆ ದೊಡ್ಡ ರೈಲು ಕಟ್ಟಿಸುವ ಶಕ್ತಿಯಿರಲಿಲ್ಲ. 1883 ಮತ್ತು 1889ರ ಶಾಸನಗಳ ನೆರವಿನಿಂದ ಅಲ್ಲಿ ಮೂರಡಿ ಅಗಲದ ಕಿರಿಯ ರೈಲುಗಳು ಓಡಾಡಿದವು. 1891ರಲ್ಲಿ ತೆರೆದ ಟ್ರಲೀ-ಡಿಂಗಲ್ ರೈಲಂತೂ ಬಹುದೂರ ರಸ್ತೆಯ ಪಕ್ಕದಲ್ಲೇ, ಸಂತೆಗೆ ಹೊರಟವರೊಡನೆ ಹೆಜ್ಜೆಹಾಕುವಂತೆ, ಸಾಗುತ್ತಿತ್ತು. ಅದು 1953ರಲ್ಲಿ ನಿಂತಿತು. ಡೊನೆಗಾಲಿನ ರೈಲು 1959ರ ಕಡೆಯ ದಿನ ನಿಂತಿತು. ವೆಸ್ಟ್ ಕ್ಲೇರ್ ರೈಲು 1961ರಲ್ಲಿ. ಬಳ್ಳಾರಿಯ ಕಡೆಯ ಮೀಟರ್ ಗೇಜ್ ನಿಲ್ಲಲಿಲ್ಲ, ಅಗಲವಾಯಿತು. ಊರಿಗೆ ಅದರಿಂದ ಒಳಿತೇ ಆಯಿತು. ಆದರೆ ಅಜ್ಜ ಏರಿದ ಕಿರಿಯ ಗಾಡಿಯನ್ನು ಮೊಮ್ಮಗ ಇನ್ನು ಆ ನಿಲ್ದಾಣದಲ್ಲಿ ಕಾಣಲಾರ.

ಅದನ್ನು ಮೇಜಿನ ಮೇಲೆ ತರಬಯಸುವವರಿಗೆ ಒಂದು ಅನುಕೂಲವುಂಟು. ಅರವತ್ತರಲ್ಲಿ ಒಂದು ಪಾಲಿನ ಪ್ರಮಾಣವನ್ನು ಹಿಡಿದರೆ, ಐರಿಷ್ ಹವ್ಯಾಸಿಯನ್ನು ಕಾಡುವ ಆ 16.5 ಮಿಲಿಮೀಟರ್ ಹಳಿಯೇ 990 ಮಿಲಿಮೀಟರ್ ಆಗುತ್ತದೆ. ಮೀಟರಿಗೆ ಬೆರಳಗಲವೂ ಕಡಮೆಯಿಲ್ಲ! ಹತ್ತೊಂಬತ್ತೂವರೆ ಮೀಟರ್ ಉದ್ದದ ಪ್ರಯಾಣಿಕರ ಗಾಡಿ ಮೂವತ್ತೆರಡೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಎಂಜಿನ್ನಿಗೆ 1949ರಿಂದೀಚೆಗೆ ಮೀಟರ್ ಗೇಜಿನಲ್ಲಿ ಓಡಿದ ವೈ.ಪಿ. ಮಾದರಿಯಿದೆ.

ಇನ್ನು ದಾರಿ ಯಾವುದು? ಡಿಂಗಲ್ ರೈಲಿನಂತೆ ರಸ್ತೆಯ ಪಕ್ಕದಲ್ಲಿ ಬಳ್ಳಾರಿಯಿಂದ ಕುರುಗೋಡಿಗೆ, ಅಲ್ಲಿಂದ ಸಿರುಗುಪ್ಪಕ್ಕೆ. ಈ ಎರಡು ಊರುಗಳಿಗೂ ರೈಲು ಬಂದಿಲ್ಲ. ಬಾರದ ರೈಲನ್ನು ಬಂದಂತೆ ತೋರಿಸುವುದು ಸುಳ್ಳಲ್ಲವೆ ಎಂದು ಯಾರಾದರೂ ಕೇಳಬಹುದು. ಹಳಿಯೊಂದೇ ಕಲ್ಪನೆ, ಕಲ್ಲು, ಮಣ್ಣು, ಗುಡಿ, ಗದ್ದೆಗಳೆಲ್ಲ ನಿಜವಾಗಿರಬೇಕು. ಅದಕ್ಕಾಗಿ ಊರನ್ನು ಅಳತೆಪಟ್ಟಿ ಹಿಡಿದು ನೋಡಬೇಕು.

ಲೆಕ್ಕ ಹಾಕುತ್ತಲೇ ನಗು ಬರುತ್ತದೆ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ನೇರ ದಾರಿಯಲ್ಲೇ ಸುಮಾರು 55 ಕಿಲೋಮೀಟರ್. ಅರವತ್ತರಲ್ಲಿ ಒಂದು ಪಾಲೆಂದರೂ 900 ಮೀಟರ್ ದಾಟುತ್ತದೆ. ಅಷ್ಟುದ್ದದ ಮೇಜು ಯಾರ ಮನೆಯಲ್ಲಿದೆ? ಕೋಟೆಗುಡ್ಡವೂ ಆಳೆತ್ತರವನ್ನು ಮೀರುತ್ತದೆ. ಆದಕಾರಣ ಗುಡ್ಡವನ್ನು ಹಿಂಬದಿಯ ಹಲಗೆಯ ಮೇಲೆ ಚಿತ್ರವಾಗಿ ಬರೆದು, ಮೂರೂರುಗಳಿಂದ ಬಿಡಲಾಗದ ಒಂದೊಂದು ನೋಟವನ್ನು ಮಾತ್ರ ಆರಿಸಿಕೊಳ್ಳಬೇಕು.

ಕುರುಗೋಡು ಹನ್ನೆರಡನೆಯ ಶತಮಾನದಲ್ಲಿ ಸಿಂದರು ಆಳಿದ ಊರು. ಬಂಡೆಯ ಮೇಲೆ ಬಂಡೆ ಪೇರಿಸಿದಂತಿರುವ ಬೆಟ್ಟ, ದೊಡ್ಡಬಸವೇಶ್ವರನ ಗುಡಿ, ಒಳಗೆ ಒಂದೇ ಕಲ್ಲಿನ ಬೃಹತ್ತಾದ ಬಸವ. ಇಲ್ಲಿನ ಬೆಟ್ಟಕ್ಕೆ ಪ್ಲಾಸ್ಟರ್ ಬೇಡ. ದಾರಿಬದಿಯ ಕಲ್ಲಿನ ಚೂರುಗಳನ್ನೇ ಆಯ್ದು ಪೇರಿಸಿದರೆ ಸಾಕು. ಕಿರಿದಾದರೂ ಕಲ್ಲಿನ ಬಿರುಕು ಹಿರಿಯ ಬಂಡೆಯ ಬಿರುಕಿನಂತೆಯೇ ಇರುತ್ತದೆ.

ಸಿರುಗುಪ್ಪದಲ್ಲಿ ಬಣ್ಣವೇ ಬೇರೆ. ತುಂಗಭದ್ರೆಯ ದಡ, ಎರೆಮಣ್ಣು, ಕಣ್ಣು ಹಾಯುವವರೆಗೂ ಭತ್ತದ ಹಸಿರು, ಅಕ್ಕಿಯ ಗಿರಣಿಗಳು. ವಿಜಯನಗರದ ಕಾಲದ ಕಾಲುವೆಗಳಲ್ಲಿ ಸಿರುಗುಪ್ಪದ ಕಾಲುವೆಯೂ ಒಂದು. ಎರೆಮಣ್ಣನ್ನು ಒಣಗಿಸಿ, ಬಟ್ಟೆಯಲ್ಲಿ ಸೋಸಿ, ನೀರು ಬೆರೆಸಿದ ಅಂಟಿನ ಮೇಲೆ ಉದುರಿಸಿದರೆ ಅದೇ ನೆಲ. ಹಸಿರು ಬಣ್ಣದಲ್ಲಿ ಅದ್ದಿದ ಮರದ ಹೊಟ್ಟೇ ಪೈರು. ಜರಡಿ ಹಿಡಿದ ಮರಳೇ ಹಳಿಯ ಕೆಳಗಿನ ಜಲ್ಲಿ. ವಿದ್ಯುತ್ತಿನ ಭಯವೂ ಬೇಡ. ಈ ರೈಲಿಗೆ 12 ವೋಲ್ಟಿನ ನೇರ ಪ್ರವಾಹ ಸಾಕು. ಹಳಿಗಳೇ ತಂತಿಯಂತೆ ಅದನ್ನು ಎಂಜಿನ್ನಿಗೆ ಮುಟ್ಟಿಸುತ್ತವೆ; ಧನ-ಋಣಗಳನ್ನು ಅದಲುಬದಲು ಮಾಡಿದರೆ ರೈಲು ಹಿಮ್ಮುಖವಾಗಿ ಓಡುತ್ತದೆ.

ಆದರೆ ಅಂಗಡಿಯಲ್ಲಾಗಲಿ ಹೊಲದಲ್ಲಾಗಲಿ ದೊರೆಯದ ಒಂದು ಸಾಮಗ್ರಿಯಿದೆ. ನಿಲ್ದಾಣದ ಗಂಟೆ ಎಲ್ಲಿ ತೂಗುತ್ತಿತ್ತು, ಎಂಜಿನ್ನು ಎಲ್ಲಿ ನೀರು ಕುಡಿಯುತ್ತಿತ್ತು, ಗಾಡಿಯ ಒಳಗೋಡೆಗೆ ಯಾವ ಬಣ್ಣ, ಮೂಟೆಗಳನ್ನು ಎಲ್ಲಿ ಒಟ್ಟುತ್ತಿದ್ದರು? ಇವನ್ನು ಬಲ್ಲವರು ಹಿರಿಯರು. ಅವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಮರ ಕೊಯ್ಯುವ ಮುನ್ನ ಒಂದು ನೋಟ್‌ಬುಕ್ ಹಿಡಿದು ಅವರ ಜಗಲಿಯಲ್ಲಿ ಕುಳಿತುಕೊಳ್ಳುವುದು ಲೇಸು. ಹಲಗೆ, ಹಳಿಗಳು ಮುಂದಿನ ವರ್ಷವೂ ಸಿಕ್ಕಾವು.

ಒಂದು ಸಂಜೆ ದೀಪ ಹಚ್ಚಿದಾಗ, ಪುಟ್ಟ ರೈಲು ಕುರುಗೋಡಿನ ಕಲ್ಲುಗಳನ್ನು ಬಳಸಿ ಸಿರುಗುಪ್ಪದ ಹಸಿರನ್ನು ಹೊಕ್ಕೀತು. ಆಗ ಅಜ್ಜ, "ಅಲ್ಲಪ್ಪಾ, ನೀರಿನ ಕಂಬ ಈ ಕಡೆಗಿತ್ತು" ಎಂದು ಬೆರಳು ತೋರಿಸಿದರೆ ಕಂಬವನ್ನು ಕಿತ್ತು ಆ ಕಡೆಗೆ ನೆಡಬೇಕು. ಆ ಒಂದು ಮಾತಿಗಾಗಿ ಇಷ್ಟೆಲ್ಲ ಪಾಡುಪಟ್ಟರೂ ನಷ್ಟವಿಲ್ಲ.