ಸಂತೇಪೇಟೆಯ ಅಮೃತಧಾರೆ

ಮೈಸೂರಿನ ಸಂತೇಪೇಟೆಯಲ್ಲಿ ಶೆಟ್ಟರ ಗ್ರಂಧಿಗೆ ಅಂಗಡಿಯಿದ್ದ ಕಟ್ಟಡವನ್ನು ಕೆಡವಿದ್ದಾರೆ. ಎಪ್ಪತ್ತರ ದಶಕದಲ್ಲಿ ಮೂಗು ಕಟ್ಟಿತೆಂದರೆ ನಮ್ಮ ಮನೆಯವರು ಮೊದಲು ಹೋಗುತ್ತಿದ್ದುದು ಅಲ್ಲಿಗೆ.

ಮೆಟ್ಟಿಲು ಹತ್ತುವ ಮೊದಲೇ ವಾಸನೆ ಎದುರಾಗುತ್ತಿತ್ತು. ಬಜೆ, ಹಿಪ್ಪಲಿ, ಜ್ಯೇಷ್ಠಮಧು, ಎಲ್ಲವನ್ನೂ ಮೀರಿದ ಕರ್ಪೂರ. ಶೆಟ್ಟರು ಪುದೀನ ಹೂವು, ಓಮದ ಹೂವು, ಕರ್ಪೂರ ಮೂರನ್ನೂ ಸಮನಾಗಿ ತೂಗಿ ಸೀಸೆಗೆ ಸುರಿದು, ಬಿರಡೆ ಬಿಗಿದು ಅಲುಗಿಸುತ್ತಿದ್ದರು. ನೀರಿಲ್ಲ, ಬೆಂಕಿಯಿಲ್ಲ, ಒಣ ಹರಳುಗಳು ತಾವೇ ಕರಗಿ ಎಣ್ಣೆಯಾಗುತ್ತಿದ್ದವು. ಹರಳುಗಳು ಬೆರೆತಾಗ ಕರಗುವ ಬಿಂದು ಇಳಿಯುತ್ತದೆಂದು ಮುಂದೆ ಕಾಲೇಜಿನಲ್ಲಿ ಕಲಿತಾಗಲೂ ನನ್ನ ಕಣ್ಮುಂದೆ ಬಂದದ್ದು ಹಳದಿಗಟ್ಟಿದ ಆ ಬೆರಳುಗಳೇ. ಕರವಸ್ತ್ರಕ್ಕೆ ಎರಡು ತೊಟ್ಟು ಹಾಕಿಕೊಂಡರೆ ರಾತ್ರಿ ನಿದ್ದೆ ಬರುತ್ತಿತ್ತು.

ಒಮ್ಮೆ ಅಮ್ಮ ಕೈಗೂಸು ತಮ್ಮನಿಗೆಂದು ಕೇಳಿದಳು. ಶೆಟ್ಟರು ಸೀಸೆಯನ್ನು ಹಿಂದಕ್ಕೆಳೆದುಕೊಂಡರು. "ಎಳೇ ಕೂಸಿಗೆ ಕರ್ಪೂರ ಕೊಡಲ್ಲ ತಾಯಿ, ಫಿಟ್ಸ್ ಬಂದೀತು." ಯಾವಾಗಲೂ ಎಂಟಾಣೆಯನ್ನು ಆರಕ್ಕಿಳಿಸುತ್ತಿದ್ದ ಅಮ್ಮ ಅಂದು ಹನ್ನೆರಡಾಣೆ ಕೊಡುತ್ತೇನೆಂದಳು. ಅವರು ಜಗ್ಗಲಿಲ್ಲ.

ಆ ಎಣ್ಣೆ ಮೂಗಿನ ಬಾವು ಇಳಿಸುತ್ತಿತ್ತೆಂದು ಹೇಳಲಾರೆ. ಪುದೀನ ಹೂವಿನ ತಂಪು ನರಗಳನ್ನು ಮುಟ್ಟಿ ಉಸಿರು ಸರಾಗವಾದಂತೆ ಅನ್ನಿಸುತ್ತದೆ, ಅಷ್ಟೇ; ಕಟ್ಟಿದ ಮೂಗು ಕಟ್ಟಿಯೇ ಇರುತ್ತದೆ. ಕಟ್ಟನ್ನು ನಿಜವಾಗಿ ಬಿಡಿಸುವುದು ಇಂದಿನ ಡ್ರಾಪ್ಸ್. ಕ್ಸೈಲೊಮೆಟಜೊಲಿನ್ ಬಿಟ್ಟ ನಿಮಿಷಗಳಲ್ಲೇ ಊದಿದ ರಕ್ತನಾಳಗಳು ಕುಗ್ಗುತ್ತವೆ. ಆದರೆ ದಿನಗಟ್ಟಲೆ ಬಿಡುತ್ತಲೇ ಹೋದರೆ ಔಷಧಿ ಇಳಿದೊಡನೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಮತ್ತೆ ಡ್ರಾಪ್ಸೇ ಬೇಕು. ಇನ್ನು ನೆಗಡಿ ಮಾತ್ರೆ. ಅವುಗಳಲ್ಲಿ ಬಹಳಷ್ಟರಲ್ಲಿರುವ ಫಿನೈಲೆಫ್ರಿನ್ ನುಂಗಿದರೆ ಮೂಗು ಬಿಡುತ್ತದೆನ್ನಲು ಆಧಾರವಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ 2023ರಲ್ಲಿ ಒಮ್ಮತದಿಂದ ಹೇಳಿತು. ನಮ್ಮಲ್ಲಿ ಅದು ಇಂದಿಗೂ ಹಾಳೆಗಟ್ಟಲೆ ಮಾರಾಟವಾಗುತ್ತಿದೆ. ನನಗೆ ಸಿಟ್ಟು ಬರುವುದು ಔಷಧಿಯ ಮೇಲಲ್ಲ, ಯಾರಿಗೆ, ಎಷ್ಟು ವಯಸ್ಸು ಎಂದು ಕೇಳದೆ ಕೊಡುವ ಕೈಗಳ ಮೇಲೆ.

ಮೊನ್ನೆ ಔಷಧಿ ಅಂಗಡಿಯೊಂದರಲ್ಲಿ ನನ್ನ ಮುಂದಿದ್ದ ಹುಡುಗ ಡ್ರಾಪ್ಸ್ ಕೇಳಿದ. ಅಂಗಡಿಯವನು ತಲೆಯೆತ್ತದೆ ಎರಡು ಸೀಸೆ ಇಟ್ಟ. ಎಷ್ಟು ದಿನದಿಂದ ಹಾಕ್ತಿದ್ದೀಯಪ್ಪ ಅಂತ ನಾನೇ ಕೇಳಿದೆ.

"ದೀಪಾವಳಿಯಿಂದ" ಅಂದ. ಶಿವರಾತ್ರಿ ಹತ್ತಿರ ಬಂದಿತ್ತು.