ಆಚಾರ್ಯರು ಪೋಣಿಸಿದ ಸಂಖ್ಯೆ

ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ವನ್ನು ನಾನು ಕೈಗೆತ್ತಿಕೊಂಡದ್ದು ಅದರಲ್ಲಿನ ಅಮೋಘವರ್ಷ ನೃಪತುಂಗನ ಸ್ತುತಿಗಾಗಿ, ಮನಸ್ಸು ನಿಂತದ್ದು ಮಾತ್ರ ಗುಣಾಕಾರದ ಲೆಕ್ಕಗಳಲ್ಲಿ. 9ನೇ ಶತಮಾನದ ಈ ಸಂಸ್ಕೃತ ಕೃತಿಯಲ್ಲಿ ಆಚಾರ್ಯರು ಕೆಲವು ಗುಣಲಬ್ಧಗಳನ್ನು ಕಂಠಾಭರಣಕ್ಕೆ ಹೋಲಿಸಿದ್ದಾರೆ. 27994681ನ್ನು 441ರಿಂದ ಗುಣಿಸಿದರೆ ಬರುವುದು 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ನಡುವೆ ಆರರ ಪದಕ.

ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿಯನ್ನು ಮೀರಿದ ಈ ಸಂಖ್ಯೆ 111111ರ ವರ್ಗ. 111111 ಎಂಬುದಾದರೋ 3, 7, 11, 13, 37 ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ವರ್ಗದಲ್ಲಿ ಪ್ರತಿಯೊಂದೂ ಎರಡು ಬಾರಿ ಇರುವುದರಿಂದ, ಅದನ್ನು ಬಿಡಬಹುದು, ಒಮ್ಮೆ ಕೊಳ್ಳಬಹುದು, ಇಲ್ಲವೆ ಎರಡು ಬಾರಿ ಕೊಳ್ಳಬಹುದು. ಆದ್ದರಿಂದ ಭಾಜಕಗಳು ಒಟ್ಟು 243. 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. ವರ್ಗವೊಂದನ್ನು ಎರಡು ವರ್ಗಗಳಾಗಿ ಬಿಡಿಸಿ ಶಿಷ್ಯನ ಕೈಗಿತ್ತ ಜಾಣ್ಮೆ ಇದು!

ಒಂದು ಸಂಜೆ, ಆ ಸಂಖ್ಯೆಯೊಂದನ್ನುಳಿದು ಮಿಕ್ಕ ಭಾಜಕಗಳ ಮೊತ್ತವನ್ನು ಕಂಡುಹಿಡಿದೆ. ಬಂದದ್ದು 13029870672, ಮೂಲಕ್ಕಿಂತ ಹೆಚ್ಚು. ಗ್ರೀಕರ ವಿಂಗಡಣೆಯಲ್ಲಿ ಇಂಥದು ‘ಅಧಿಕ’ ಸಂಖ್ಯೆ. ಬೆಸಸಂಖ್ಯೆಗಳಲ್ಲಿ ಈ ಗುಣ ವಿರಳ. 945ಕ್ಕಿಂತ ಕೆಳಗೆ ಒಂದೂ ಇಲ್ಲ.

ಇದನ್ನೂ ಆಚಾರ್ಯರು ಅರಿತೇ ಆರಿಸಿದರೆಂದು ಹೇಳುವ ಆಸೆ ಅಭಿಮಾನಿಗಳಿಗೆ ಹುಟ್ಟೀತು. ನಾನು ಒಪ್ಪಲಾರೆ. ಆ ಲೆಕ್ಕ ತೋರಿಸುವುದು ಅಂಕಿಗಳ ಚೆಲುವನ್ನು. ಸಂಖ್ಯಾತ, ಅಸಂಖ್ಯಾತ, ಅನಂತ ಎಂಬ ಜೈನ ವಿಭಾಗಕ್ರಮವೂ ಭಾಜಕಗಳನ್ನು ಕೇಳುವುದಿಲ್ಲ. ಅದರ ಮುಂದೆ ಈ ಹಾರ ಬರಿಯ ಸಂಖ್ಯಾತ. ಗ್ರಂಥ ಹೆಸರಿಸುವ 24 ಸ್ಥಾನಗಳಲ್ಲಿ ಇದು ತುಂಬುವುದೂ 11ನ್ನಷ್ಟೆ.